ಕೊಬ್ಬರಿ ಅಟ್ಟದ ಬಾಟಲಿಗಳೂ ಬೇಲೂರಿನ ಪಯಣವೂ

ನಮ್ಮ ಮನೆಯ ಕೊಬ್ಬರಿ ಅಟ್ಟದಲ್ಲಿ ಸಿಕ್ಕಿದ ಹನ್ನೊಂದು ಖಾಲಿ ಬಿಯರ್ ಬಾಟಲಿಗಳು ನನ್ನವು ಎಂದು ನಾನು ಹೇಳಲಿಲ್ಲ. ಹೇಳಬೇಕಾದ ಹೊತ್ತಿನಲ್ಲಿ ಅಡುಗೆಮನೆಯ ಬಾಗಿಲ ಹಿಂದೆ ಲೋಟ ಒರೆಸುತ್ತ ನಿಂತಿದ್ದೆ. ಹೊರಗೆ ನನ್ನ ತಮ್ಮ ಬಸವರಾಜು "ನಂದೇ" ಎಂದು ತಲೆ ತಗ್ಗಿಸಿದ. ಗಂಡಿನ ಮನೆ ನೋಡಲು ಹಾರನಹಳ್ಳಿಯಿಂದ ಬಂದಿದ್ದವರು ಕಾಫಿಯನ್ನೂ ಮುಟ್ಟದೆ ಎದ್ದು ಹೋದರು. ತಿಂಗಳು ಕಳೆಯುವುದರೊಳಗೆ ಬಸು ಅರಸೀಕೆರೆಯ ಮನೆ ಬಿಟ್ಟು ಹಳೇಬೀಡಿನಲ್ಲಿ ಎಳನೀರಿನ ಅಂಗಡಿ ಇಟ್ಟ. ಇದಾಗಿ ಎರಡು ವರ್ಷ. ಈ ಮಾಘದಲ್ಲಿ ಬೇಲೂರಿನಿಂದ ಇನ್ನೊಂದು ಸಂಬಂಧ ಬಂತು. ಹೆಣ್ಣು ನೋಡಲು ಅಕ್ಕನೇ ಬರಬೇಕು ಎಂದು ಕರೆದ. ಆ ಮೂರು ದಿನಗಳ ಪ್ರಯಾಣವನ್ನು ಇಲ್ಲಿ ಬರೆದಿದ್ದೇನೆ. ನಾನು ಓದಿದ್ದು ಏಳನೆಯ ತರಗತಿ. ಕಂಡದ್ದನ್ನು ಕಂಡ ಹಾಗೆ ಬರೆಯುವುದಷ್ಟೇ ನನಗೆ ಗೊತ್ತು.

ಬಾಟಲಿಗಳು ಅಟ್ಟಕ್ಕೆ ಹೋದದ್ದು ಹೇಗೆ ಎಂಬುದನ್ನು ಮೊದಲು ಹೇಳಬೇಕು. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಅಲ್ಲಿಯವರೆಗೆ ಆ ರಾಶಿಗೆ ಯಾರೂ ಕೈ ಹಾಕುವುದಿಲ್ಲ. ಮೇಲೆ ಅಂಟಿಸಿದ ಚಿತ್ರದ ಕಾಗದ ಅಂದವಾಗಿರುತ್ತಿದ್ದುದರಿಂದ ಬಾಟಲಿಗಳನ್ನು ಎಸೆಯಲು ನನಗೆ ಮನಸ್ಸು ಬರುತ್ತಿರಲಿಲ್ಲ. ತಿಂಗಳಿಗೊಂದರಂತೆ ಕಾಯಿಗಳ ನಡುವೆ ಹುದುಗಿಸಿಟ್ಟೆ. ಹನ್ನೆರಡನೆಯ ತಿಂಗಳು ತೆಗೆದರಾಯಿತು ಎಂದುಕೊಂಡಿದ್ದೆ. ಆದರೆ ಬೀಗರಾಗುವವರಿಗೆ ತುಂಬಿದ ಅಟ್ಟವನ್ನು ತೋರಿಸುವ ಆಸೆ ಅಪ್ಪನಿಗೆ. ಅವರ ಎದುರಿಗೇ ಏಣಿ ಹತ್ತಿ ಎರಡು ಕಾಯಿ ಎಳೆದರು. ಹಿಂದೆಯೇ ಬಾಟಲಿಗಳು ಉರುಳಿದವು.

ಶುಕ್ರವಾರ ಎಂದಿನಂತೆ ಕೋಡುಬಳೆ ಡಬ್ಬಗಳೊಂದಿಗೆ ಬೆಂಗಳೂರಿಗೆ ಹೋದೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಹಿಡಿದ ಕಸುಬು ಇದು. ನನ್ನ ಕೋಡುಬಳೆ ಕೊಳ್ಳುವವರಲ್ಲಿ ತಾವೇ ಬಿಯರ್ ತಯಾರಿಸಿ ಮಾರುವ ಒಂದು ಜಾಗವೂ ಇದೆ. ನಾಲ್ಕು ವರ್ಷದ ಹಿಂದೆ ಅಲ್ಲಿನ ಬಿಯರ್ ತಯಾರಿಸುವವರು, "ನಿಮ್ಮ ಕೋಡುಬಳೆಗೆ ಯಾವುದು ಹೊಂದುತ್ತೆ, ನೀವೇ ಹೇಳಿ" ಎಂದು ಅರ್ಧ ಲೋಟ ಕೊಟ್ಟಿದ್ದರು. ಮೂಗಿನ ಹತ್ತಿರ ತಂದಾಗ ಹುರಿದ ಗೋಧಿ, ಕಿತ್ತಳೆ ಸಿಪ್ಪೆ, ಕುಟ್ಟಿದ ಧನಿಯ. ನನ್ನ ಅಡುಗೆಮನೆಯೇ ತಣ್ಣಗೆ ಲೋಟದಲ್ಲಿ ಕೂತ ಹಾಗಿತ್ತು. ಅಂದಿನಿಂದ ಬಿಡಲಾಗಲಿಲ್ಲ.

ಇದಕ್ಕೆ ನನ್ನದೇ ಕಟ್ಟುಪಾಡುಗಳಿವೆ. ತಿಂಗಳಿಗೆ ಒಂದೇ ದಿನ. ಮೂರು ಸಣ್ಣ ಲೋಟ, ಜೊತೆಗೆ ಮನೆಗೆ ಒಂದು ಬಾಟಲಿ. ಮೊದಲು ಬಿಸಿನೀರಿನಲ್ಲಿ ಬಾಯಿ ಮುಕ್ಕಳಿಸುತ್ತೇನೆ. ಮೊದಲ ಗುಟುಕು ಬರಿದೇ, ಎರಡನೆಯದು ಕೋಡುಬಳೆಯ ಜೊತೆ. ಆಮೇಲೆ ಸ್ವಲ್ಪ ಹೊತ್ತು ಕಾಯುತ್ತೇನೆ, ಏಕೆಂದರೆ ತಣ್ಣಗಿದ್ದಾಗ ಬಿಯರ್ ತನ್ನ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಹೊಸ ಕ್ಯಾಲೆಂಡರ್ ಬಂದ ದಿನವೇ ವರ್ಷದ ಲೆಕ್ಕಾಚಾರ ಮುಗಿಯುತ್ತದೆ: ಚಳಿಗೆ ಕಪ್ಪು ಬಿಯರ್, ಬಿಸಿಲಿಗೆ ಗೋಧಿಯದು, ಮಾವಿನ ಕಾಲಕ್ಕೆ ಮಾವು ಹಾಕಿದ್ದು, ಶ್ರಾವಣ ಪೂರ್ತಿ ಖಾಲಿ. ಆ ದಿನಗಳ ಮೇಲೆ ಕುಂಕುಮದ ಚುಕ್ಕೆ ಇಡುತ್ತೇನೆ. ಅಮ್ಮ ಅವನ್ನು ನನ್ನ ಉಪವಾಸದ ದಿನಗಳು ಎಂದುಕೊಂಡು ಅಂದು ನನ್ನ ಪಾಲಿಗೆ ಅಕ್ಕಿಯನ್ನೇ ಹಾಕುವುದಿಲ್ಲ.

ಈ ತಿಂಗಳ ಚುಕ್ಕೆ ಕಪ್ಪು ಬಿಯರಿನದು. ಸೀದ ಬೆಲ್ಲದ ಪಾಕ, ಕಾಫಿ ಬೀಜ, ಕೊನೆಗೆ ನಾಲಿಗೆಯ ಬುಡದಲ್ಲಿ ಕರಟ ಸುಟ್ಟ ವಾಸನೆ. ಅದನ್ನು ಹೇಳಿದಾಗ ತಯಾರಿಸುವವರು ಜೋರಾಗಿ ನಕ್ಕರು. "ಕರಟ ಅಂದ್ರಾ? ಇರಿ, ಬರ್ಕೊಳ್ತೀನಿ." ಬಾಟಲಿ ಮಾತ್ರ ಈ ಸಲ ಬೇಡವೆಂದೆ. ತಮ್ಮನಿಗೆ ನಿಜ ಹೇಳುವವರೆಗೂ ಮನೆಗೆ ತರುವುದಿಲ್ಲ ಎಂದು ನಿರ್ಧರಿಸಿದ್ದೆ.

ಆ ರಾತ್ರಿ ನೆಂಟರ ಮನೆಯಲ್ಲಿ ಉಳಿದು, ಶನಿವಾರ ಬೆಳಿಗ್ಗೆ ರೈಲು ಹಿಡಿದೆ. ತುಮಕೂರು, ತಿಪಟೂರು ದಾಟಿ ಅರಸೀಕೆರೆಯಲ್ಲಿ ಇಳಿದಾಗ ರೈಲು ಹತ್ತಿ ಮೂರು ತಾಸಾಗಿತ್ತು. ಮನೆಯ ಕಡೆ ತಿರುಗದೆ ನೇರ ಬಸ್ ನಿಲ್ದಾಣಕ್ಕೆ ನಡೆದು ಒಂದು ತಟ್ಟೆ ಇಡ್ಲಿ ತಿಂದೆ. ಹಳೇಬೀಡಿನ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಓದುವವರಿಗೆ ಬೇಕಾದೀತೆಂದು ಪಕ್ಕದವರ ಟಿಕೆಟ್ ಕೇಳಿ ನೋಡಿದೆ, ಅರವತ್ತು ರೂಪಾಯಿಯ ಆಸುಪಾಸು. ಬಾಣಾವರದಲ್ಲಿ ಹತ್ತಿದ ಅಜ್ಜಿಯೊಬ್ಬರು ನನ್ನ ಚೀಲಕ್ಕೆ ಮೂಗು ತಂದರು.

"ಏನವ್ವ ಇದು, ಇಷ್ಟು ಘಮ ಅಂತೈತೆ?"

"ಕೋಡುಬಳೆ ಅಜ್ಜಿ. ತಗೊಳ್ಳಿ."

"ಹಲ್ಲಿಲ್ಲ ಕಣವ್ವ. ಕೊಡು, ಚೀಪ್ತೀನಿ."

ಜಾವಗಲ್ಲಿನಲ್ಲಿ ಇಳಿಯುವವರೆಗೂ ಒಂದೇ ಕೋಡುಬಳೆ ಚೀಪಿದರು. ಇಳಿಯುವಾಗ ಇನ್ನೆರಡನ್ನು ಸೆರಗಿಗೆ ಕಟ್ಟಿಕೊಂಡರು. ಹೊರಗೆ ರಾಗಿಯ ಬಣವೆಗಳು, ಮೇಲೆ ಮೋಡವಿಲ್ಲದ ಆಕಾಶ. ನನಗೆ ಹಾಡಿಕೊಳ್ಳಬೇಕು ಎನ್ನಿಸುವಷ್ಟು ಖುಷಿಯಾಗಿತ್ತು. ಒಳಗೆ ಮಾತ್ರ ಹೇಳಬೇಕಾದ ಮಾತು ಬಸ್ಸಿನ ಜೊತೆ ಕುಲುಕುತ್ತಲೇ ಇತ್ತು.

ಹಳೇಬೀಡಿನಲ್ಲಿ ಬಸು ಪ್ರವಾಸಿಗರ ನಡುವೆ ಮಚ್ಚು ಬೀಸುತ್ತ ನಿಂತಿದ್ದ. ನನ್ನನ್ನು ಕಂಡವನೇ ಕೂಗಿದ. "ಬಂದ್ಯಾ ಅಕ್ಕ! ಗಂಜಿ ಕಾಯಿ ಬೇಕೋ, ನೀರು ಕಾಯಿ ಬೇಕೋ?"

"ಅಕ್ಕನ ಹತ್ರಾನೂ ವ್ಯಾಪಾರನೇನೋ?"

"ನಿನ್ ಹತ್ರ ದುಡ್ಡು ಇಸ್ಕೊಳ್ಳಲ್ಲ ಬಿಡು. ಕೋಡುಬಳೆ ಎಷ್ಟು ತಂದಿದೀಯ ಅದ್ ಹೇಳು."

ಮಧ್ಯಾಹ್ನ ಅವನ ಕೋಣೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು ಉಂಡು, ಬಿಸಿಲು ಇಳಿದ ಮೇಲೆ ಬಸ್ತಿಹಳ್ಳಿಯ ಬಸದಿಗಳಿಗೆ ನಡೆದೆವು. ದೇವಸ್ಥಾನದಲ್ಲಿದ್ದಷ್ಟು ಜನ ಅಲ್ಲಿರಲಿಲ್ಲ. ಒಂದು ಬಸದಿಯ ಕಪ್ಪು ಕಂಬಗಳನ್ನು ಕನ್ನಡಿಯಂತೆ ಹೊಳೆಯುವ ಹಾಗೆ ತಿರುಗಣಿಯಲ್ಲಿ ನಯ ಮಾಡಿದ್ದಾರೆ. ನನ್ನ ಮುಖ ಸೋರೆಕಾಯಿಯಷ್ಟು ಉದ್ದವಾಗಿ ಕಂಡಿತು.

"ಹೆದ್ರಬೇಡ ಅಕ್ಕ, ಅದು ನೀನೇ" ಎಂದ ಬಸು.

ಸುತ್ತ ಯಾರೂ ಇರಲಿಲ್ಲ. ಹೇಳುವುದಾದರೆ ಈಗಲೇ ಎಂದುಕೊಂಡು "ಬಸು, ಆ ದಿನ ಅಟ್ಟದಲ್ಲಿ" ಎಂದು ಬಾಯಿ ತೆರೆದೆ. "ಬೇಡ ಅಕ್ಕ, ಆ ಮಾತು ಬೇಡ" ಎಂದು ಅವನು ಆಚೆ ಕಂಬಕ್ಕೆ ಹೋದ. ಬೇಡ ಎಂದದ್ದೇ ನನಗೆ ಸಾಕಾಯಿತು, ಸುಮ್ಮನಾದೆ. ಒಂದು ತಪ್ಪಿಗೆ ಇನ್ನೊಂದು ಸೇರಿತು.

ಭಾನುವಾರ ಬೇಲೂರಿಗೆ ಹೊರಟೆವು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ದಾರಿಯಲ್ಲಿ ಅವನೇ ಮಾತು ತೆಗೆದ. "ಇವತ್ತು ಆ ಬಾಟ್ಲಿ ವಿಷ್ಯ ಕೇಳೇ ಕೇಳ್ತಾರೆ. ನಂದೇ, ಈಗ ಬಿಟ್ಟಿದೀನಿ ಅಂತೀನಿ. ನೀನು ಮಧ್ಯ ಬಾಯಿ ಹಾಕ್ಬೇಡ."

"ನೀನು ಕುಡಿಯಲ್ವಲ್ಲೋ! ಯಾಕೆ ಒಪ್ಕೋತೀಯ?"

ಅವನು ಕಿಟಕಿಯಾಚೆ ನೋಡುತ್ತ ತಗ್ಗಿದ ದನಿಯಲ್ಲಿ ಹೇಳಿದ. "ಅಪ್ಪಂದು ಅಲ್ವೇನಕ್ಕ ಅದು? ಅಟ್ಟದ ಬೀಗದ ಕೈ ಇರೋದು ಅಪ್ಪನ ಉಡದಾರದಲ್ಲಿ. ಮಠದಲ್ಲಿ ಮುಂದಿನ ಸಾಲಲ್ಲಿ ಕೂರೋ ಮನುಷ್ಯ. ಮಾನ ಹೋಗ್ಬಾರದು ಅಂತ ನಾನು ಒಪ್ಕೊಂಡೆ. ಆಮೇಲೆ ಎಲ್ರ ಮುಂದೆ ನಂಗೇ ಬೈದ್ರಲ್ಲ, ಅದು ತಡ್ಕೊಳ್ಳೋಕಾಗ್ಲಿಲ್ಲ. ಅವ್ರ ಜೊತೆ ಕೂತು ಉಣ್ಣೋಕೂ ಆಗ್ಲಿಲ್ಲ."

ಕಾಫಿಯಲ್ಲಿ ಸಕ್ಕರೆ ಹೆಚ್ಚಾದರೆ ತಲೆ ತಿರುಗುತ್ತದೆ ಎನ್ನುವ ನಮ್ಮಪ್ಪ! ನಗು ಉಕ್ಕಿ ಬಂತು. ಅಪ್ಪ ಸ್ನಾನಕ್ಕೆ ಹೋಗುವಾಗ ಉಡದಾರದಿಂದ ಬಿಚ್ಚಿ ಗೂಟಕ್ಕೆ ಸಿಕ್ಕಿಸುತ್ತಿದ್ದ ಬೀಗದ ಕೈ ತೆಗೆದುಕೊಳ್ಳುತ್ತಿದ್ದವಳು ನಾನು. ಅದನ್ನು ಹೇಳುವ ಬದಲು, ಬೇಲೂರು ಬರುವವರೆಗೂ ಚೀಲದಲ್ಲಿನ ಕೋಡುಬಳೆ ಡಬ್ಬ ಸರಿಮಾಡುತ್ತ ಕೂತೆ.

ಹೆಣ್ಣಿನ ತಂದೆ ರುದ್ರಪ್ಪನವರದು ಹಿಟ್ಟಿನ ಗಿರಣಿ, ಅದರ ಹಿಂದೆಯೇ ಮನೆ. ಗಿರಣಿಯ ಲೆಕ್ಕವನ್ನೂ ಬೀಸುವ ಕಲ್ಲನ್ನೂ ಮಗಳು ಸುಮಾಳೇ ನೋಡಿಕೊಳ್ಳುತ್ತಾಳಂತೆ. ಹುಬ್ಬಿನ ಮೇಲೆ ಇನ್ನೂ ಹಿಟ್ಟು ಇದ್ದ ಹಾಗೆಯೇ ಉಪ್ಪಿಟ್ಟು, ಕೇಸರಿಬಾತು ತಂದಿಟ್ಟಳು. ಬಸು ಅವಳನ್ನೇ ನೋಡುತ್ತ ಉಪ್ಪಿಟ್ಟನ್ನು ಎರಡು ಸಲ ಬಡಿಸಿಕೊಂಡ. ಆಗ ರುದ್ರಪ್ಪನವರು ಗಂಟಲು ಸರಿಪಡಿಸಿಕೊಂಡರು.

"ಕೇಳ್ಬಾರ್ದು, ಆದ್ರೂ ಹೆಣ್ಣು ಹೆತ್ತೋನು. ಹುಡುಗನಿಗೆ ಹಿಂದೆ ಕುಡಿಯೋ ಚಟ ಇತ್ತು ಅಂತ ಸುದ್ದಿ ಐತೆ."

ಬಸು ತಲೆ ತಗ್ಗಿಸಿ "ಇತ್ತು, ಈಗ..." ಎಂದ. ಥೇಟ್ ಅಂದಿನ ಹಾಗೆಯೇ. ಇಲ್ಲಿ ಒರೆಸಲು ನನ್ನ ಕೈಯಲ್ಲಿ ಲೋಟವೂ ಇರಲಿಲ್ಲ.

"ಇಲ್ಲ ಕಣ್ರೀ" ಎಂದೆ. "ಅವನು ಮುಟ್ಟಿದ್ದೂ ಇಲ್ಲ. ನಮ್ಮಪ್ಪನೂ ಇಲ್ಲ. ಬಾಟ್ಲಿ ನನ್ನವು. ತಿಂಗಳಿಗೊಂದು ದಿನ ರುಚಿ ನೋಡ್ತೀನಿ. ನಾನೇ ಅಟ್ಟದಲ್ಲಿ ಇಟ್ಟಿದ್ದೆ."

ಬಸುವಿನ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು. ಮೊದಲು ಮಾತಾಡಿದ್ದು ಸುಮಾ. "ಅದನ್ನ ಯಾವ ಕಾಳಲ್ಲಿ ಮಾಡ್ತಾರೆ ಅಕ್ಕ?"

"ಜವೆಗೋಧಿ ಕಣಮ್ಮ. ಮೊಳಕೆ ಬರ್ಸಿ, ಹುರಿದು, ತರಿ ಒಡೀತಾರೆ."

"ನುಣ್ಣಗೆ ಬೀಸಿದ್ರೆ?"

"ಗಂಜಿ ಕಟ್ಟಿ, ಸೋಸೋಕೆ ಆಗಲ್ವಂತೆ."

"ನೋಡಪ್ಪ, ತರಿಗೆ ಕಲ್ಲು ಸಡಿಲ ಬಿಡ್ಬೇಕು ಅಂತ ನಾನು ಹೇಳಿರ್ಲಿಲ್ವಾ?" ಎಂದು ಅವಳು ತಂದೆಯ ಕಡೆ ತಿರುಗಿದಳು. ರುದ್ರಪ್ಪನವರು ಒಮ್ಮೆ ನನ್ನನ್ನೂ ಒಮ್ಮೆ ಮಗಳನ್ನೂ ನೋಡಿದರು. "ಒಳ್ಳೆ ಸಂಬಂಧ ಬಂತಪ್ಪ" ಎಂದು ಹಣೆ ಚಚ್ಚಿಕೊಂಡು, ತಡೆಯಲಾರದೆ ನಕ್ಕುಬಿಟ್ಟರು. ಮುಂದಿನ ಭಾನುವಾರ ಹಳೇಬೀಡಿಗೆ ಅಂಗಡಿ ನೋಡಲು ಬರುತ್ತೇವೆ ಎಂದರು.

ಹೊರಗೆ ಬಂದ ಮೇಲೆ ನಾನು ಹಗುರಾಗಿದ್ದೆ, ಬಸು ಆಗಿರಲಿಲ್ಲ. ದೇವಸ್ಥಾನದ ಬೀದಿಯುದ್ದಕ್ಕೂ ಹತ್ತು ಮಾರು ಮುಂದೆಯೇ ನಡೆದ. ಬಸ್ ನಿಲ್ದಾಣದಲ್ಲಿ ನಿಂತು ನನ್ನ ಕಡೆ ತಿರುಗಿದಾಗ ಅವನ ಕಣ್ಣು ಕೆಂಪಾಗಿತ್ತು.

"ಎರಡು ವರ್ಷ ಅಕ್ಕ. ಅಪ್ಪ ಫೋನ್ ಮಾಡಿದ್ರೆ ಎತ್ತಲಿಲ್ಲ ನಾನು. ಅವ್ರಿಗೆ ಯಾಕೆ ಅಂತಾನೂ ಗೊತ್ತಿಲ್ಲ. ನೀನು ಅಲ್ಲಿ ಅವ್ರಿಗೆಲ್ಲ ಹೇಳ್ದೆ. ನಂಗೇನು ಹೇಳ್ದೆ?"

ನಿಜ. ಗುಟ್ಟನ್ನು ಬಿಚ್ಚಿದ್ದೆನೇ ಹೊರತು ಅವನಿಗೆಂದು ಒಂದು ಮಾತನ್ನೂ ಆಡಿರಲಿಲ್ಲ. ಅರಸೀಕೆರೆಯ ಬಸ್ಸು ಬಂದು ನಿಂತಿತು. ಹತ್ತುವವರ ನೂಕುನುಗ್ಗಲು, ಕಂಡಕ್ಟರನ ಸೀಟಿ. ಅವನ ತೋಳು ಹಿಡಿದು, ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೇಳಿದೆ:

"ಬಾಗಿಲ ಹಿಂದೆ ನಿಂತು ನಿನ್ನನ್ನ ಬಿಟ್ಟುಕೊಟ್ಟೋಳು ನಾನು. ಅಪ್ಪನ ಮೇಲೆ ನಿಂಗೆ ಬೇಜಾರು ಹುಟ್ಟಿಸಿದ್ದೂ ನಾನೇ. ತಪ್ಪಾಯ್ತು ಕಣೋ ಬಸು, ನನ್ನ ಕ್ಷಮಿಸಪ್ಪ."