ಊರಿಗೆ ಹೋಗಿರಬೇಕು ಎಂದಿದ್ದೆ

ಮಹಾದೇವಮ್ಮ, ನಿಮ್ಮ ಮಾತ್ರೆ ತಪ್ಪಿಸಿದವಳು ನಾನು. ನಿಮ್ಮ ಮರೆವಲ್ಲ, ಹಣೆಬರಹವೂ ಅಲ್ಲ— ನಾನು. ಏಳು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿ ಹೋಗಿದೆ.

ನಮ್ಮ ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಕೊಡುವ ಕಿಟಕಿ ನನ್ನದು. ಮನೋವೈದ್ಯರು ಬರುವ ಮಂಗಳವಾರ ನೂಕುನುಗ್ಗಲು ಜಾಸ್ತಿಯೆಂದು ಬಿ.ಪಿ., ಶುಗರ್‌ನವರಿಗೆ ಒಂದು ಸಾಲು, ನಿಮ್ಮಂಥವರಿಗೆ ಬೇರೆ ಸಾಲು ಮಾಡಿಸಿದವಳೂ ನಾನೇ. ಆ ಬೇರೆ ಸಾಲಿನಲ್ಲಿ ನಿಂತವರನ್ನು ಇಡೀ ಬೀದಿ ನೋಡುತ್ತದೆ ಎಂಬುದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಆದರೆ ಕೆಲಸ ಬೇಗ ಮುಗಿಯುತ್ತಿತ್ತಲ್ಲ—

ಆ ದಿನ ನೀವು ಶುಗರ್ ಸಾಲಿನಲ್ಲಿ, ನಿಮ್ಮ ಮನೆ ಓನರಮ್ಮನ ಹಿಂದೆ ನಿಂತಿದ್ದಿರಿ. ಚೀಟಿಯನ್ನು ಮಡಿಸಿ ಮುಷ್ಟಿಯಲ್ಲಿ ಹಿಡಿದಿದ್ದಿರಿ. "ನಂಗೂ ಶುಗರ್ ಅದರೀ ಅಕ್ಕಾರ," ಎಂದಿರಿ ಮೆಲ್ಲಗೆ. ನನಗೆ ಅರ್ಥವಾಯಿತು. ಅರ್ಥವಾಗಿಯೂ ಚೀಟಿ ಬಿಡಿಸಿ, ಎಲ್ಲರಿಗೂ ಕೇಳುವ ಹಾಗೆ ಗದರಿದೆ.

"ಶುಗರ್ ಎಲ್ಲಿಂದ ಬಂತಮ್ಮಾ? ಇದು ಮೆಂಟಲ್ ಲೈನ್ ಚೀಟಿ. ಆ ಕಡೆ ಹೋಗಿ!"

ನೀವು ಆ ಕಡೆ ಹೋಗಲಿಲ್ಲ. ಗೇಟು ದಾಟಿ ಹೊರಟೇ ಹೋದಿರಿ.

ಮುಂದಿನ ತಿಂಗಳು ಡಾಕ್ಟರು ಕೇಳಿದರು— ಮಹಾದೇವಮ್ಮ ಯಾಕೆ ಬಂದಿಲ್ಲ, ಆಶಾ ಕಾರ್ಯಕರ್ತೆಯನ್ನು ಮನೆಗೆ ಕಳಿಸೋಣವೇ? "ಊರಿಗೆ ಹೋಗಿರ್ಬೇಕು ಸಾರ್," ಎಂದುಬಿಟ್ಟೆ. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಬಗ್ಗೆ ಹೀಗೆಂದರೆ ಯಾರೂ ಮತ್ತೆ ಕೇಳುವುದಿಲ್ಲ. ನೀವು ಎರಡೇ ಬೀದಿ ಆಚೆ ಇದ್ದಿರಿ, ನನಗೆ ಗೊತ್ತಿತ್ತು. ಆಶಾ ನಿಮ್ಮ ಮನೆಗೆ ಬಂದು ವಿಚಾರಿಸಿದರೆ ನನ್ನ ಬಾಯಿಯ ಬಂಡವಾಳ ಹೊರಬೀಳುತ್ತಿತ್ತು.

ನಾಲ್ಕು ತಿಂಗಳ ಮೇಲೆ, ಒಂದು ಮಂಗಳವಾರ ಕೆಲಸಕ್ಕೆ ಹೋಗುವಾಗ, ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ನಿಮ್ಮನ್ನು ಕಂಡೆ. ನಿಮ್ಮ ಯಜಮಾನರು ನಿಮ್ಮ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದಿದ್ದರು. ನೀವು ಅಲ್ಲಿಲ್ಲದ ಯಾರಿಗೋ ಉತ್ತರ ಕೊಡುತ್ತಿದ್ದಿರಿ. ಓನರಮ್ಮ ರೂಮು ಬಿಡಿಸಿದ್ದರಂತೆ, ನಿಮ್ಮ ಯಜಮಾನರು ಮಗಳನ್ನು ಊರಿಗೆ ಅಜ್ಜಿಯ ಹತ್ತಿರ ಕಳಿಸಿದ್ದರಂತೆ. ಅವರು ನನ್ನ ಮೇಲೆ ರೇಗಲಿಲ್ಲ.

"ದವಾಖಾನಿ ಹೆಸರ ತೆಗದ್ರ ನಡಗ್ತಾಳ್ರೀ. ಯಾರರ ಬಂದು ಕೇಳ್ತಾರಂತ ದಾರಿ ನೋಡಿದ್ವಿರಿ," ಎಂದರು.

ಆಗಲೇ ಆಟೋ ಹತ್ತಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎಲ್ಲಿಂದಲೋ ಹುಡುಕಿ ತಂದೆನೆಂದು ಡಾಕ್ಟರು ಎಲ್ಲರೆದುರು ಹೊಗಳಿದರು. ನಿಮ್ಮ ಯಜಮಾನರು ಬಗ್ಗಿ ನನ್ನ ಕಾಲು ಮುಟ್ಟಿದರು. ಬೇಡ ಎನ್ನಲಿಲ್ಲ, ಮುಟ್ಟಿಸಿಕೊಂಡೆ. ನಾಚಿಕೆಯಾಗುತ್ತದೆ.

ಈಗ ಎಲ್ಲರಿಗೂ ಒಂದೇ ಸಾಲು. ಅದರಿಂದ ನಿಮ್ಮ ಮಗಳು ಅಜ್ಜಿಯ ಹತ್ತಿರ ಕಳೆದ ವರ್ಷಗಳು ವಾಪಸು ಬರುವುದಿಲ್ಲ. ನೀವು ತಿಂಗಳಿಗೊಮ್ಮೆ ಬರುತ್ತೀರಿ, ನನಗೆಂದು ಜೋಳದ ರೊಟ್ಟಿ ತರುತ್ತೀರಿ. ಆ ದಿನದ ಮಾತು ನಿಮಗೆ ನೆನಪಿಲ್ಲವೋ, ಇದ್ದೂ ಆಡುವುದಿಲ್ಲವೋ— ಕೇಳುವ ಧೈರ್ಯವಾಗಲಿಲ್ಲ. ಈ ಕಾಗದ ನಾಳೆ ನಿಮ್ಮ ಕೈಯಲ್ಲಿರುತ್ತದೆ. ಇನ್ನೊಂದು ಪ್ರತಿ ಡಾಕ್ಟರಿಗೆ.

ಓದಿದ ಮೇಲೆ ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ಹೇಳಿ ಕಳಿಸಿ, ಕಿಟಕಿಯಲ್ಲಿ ಬೇರೆಯವರು ಕೂರುತ್ತಾರೆ. ನನ್ನ ಮೇಲಿನ ಸಿಟ್ಟಿಗೆ ಮಾತ್ರೆ ಮಾತ್ರ ಬಿಡಬೇಡಿ.