ಹಿತ್ತಲಿನಿಂದ ಬಂದ ಹಾಲು

ಮಗಳು ಬಾಣಂತನಕ್ಕೆ ಬೈಲಹೊಂಗಲದ ನಮ್ಮ ಮನೆಗೆ ಬಂದಿದ್ದಾಳೆ. ರಜೆ ಮುಗಿದ ಮೇಲೆ ಕಿತ್ತೂರಿನ ಶಾಲೆಗೆ ಪಾಠ ಮಾಡಲು ಹೋಗಬೇಕಲ್ಲ, ಈಗಿನಿಂದಲೇ ರೂಢಿಯಾಗಲಿ ಎಂದು ಪಂಪಿನಿಂದ ಹಾಲು ತೆಗೆಯುತ್ತಾಳೆ. ಅಂಗೈಯಗಲದ ಯಂತ್ರ ಗುರುಗುಟ್ಟುತ್ತದೆ, ಬಾಟಲಿ ತುಂಬುತ್ತದೆ, ಅವಳು ಮೊಬೈಲ್ ನೋಡುತ್ತ ಕೂತಿರುತ್ತಾಳೆ. ಮೊನ್ನೆ ಫ್ರಿಜ್ಜಿನಲ್ಲಿಡು ಎಂದು ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು. ಇನ್ನೂ ಬೆಚ್ಚಗಿತ್ತು. ಆ ಸಿಹಿಯಾದ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನೇಸರಗಿಯ ಹಿತ್ತಲು, ಸೆರಗಿನ ಮರೆಯ ಒಂದು ವಾಟಗ, ಆ ಸಣ್ಣ ಬಟ್ಟಲು, ಕಣ್ಣ ಮುಂದೆ ಬಂದವು.

ಆಗ ಈ ಮಗಳೇ ಹಸುಗೂಸು. ನಾನು ನೇಸರಗಿಯ ತವರಿನಲ್ಲಿ ಬಾಣಂತಿ. ಎದೆ ಗಟ್ಟಿಯಾಗಿ ಕೀವು ತುಂಬಿತ್ತು. ಔಷಧ ಮುಗಿಯುವ ತನಕ ಕುಡಿಸಬೇಡಿ ಎಂದಿದ್ದರು ಡಾಕ್ಟರು. ಆಕಳ ಹಾಲು, ಡಬ್ಬಿಯ ಹಾಲು, ಏನು ಕೊಟ್ಟರೂ ಕೂಸು ಕಾರಿಕೊಳ್ಳುತ್ತಿತ್ತು. ಅಳುವ ಶಕ್ತಿಯೂ ಹೋಗಿ ಬರೀ ಬಾಯಿ ತೆರೆಯುತ್ತಿದ್ದಳು. ನೋಡಲು ಬಂದ ಹೆಂಗಸರು ಬಾಗಿಲಲ್ಲೇ ಗುಸುಗುಸು ಮಾಡಿ ಹೋಗುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಪಕ್ಕದ ಮನೆಯ ಸೊಸೆಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಆಕೆಗೂ ಎದೆಹಾಲು ಕುಡಿಯುವ ಗಂಡುಕೂಸಿತ್ತು. ಹಾಲು ಎಷ್ಟೆಂದರೆ ಕುಪ್ಪಸ ಸದಾ ಒದ್ದೆ. ಒಂದು ಮಧ್ಯಾಹ್ನ ತನ್ನ ಅತ್ತೆ ಮಲಗಿದ್ದು ನೋಡಿ ಹಿತ್ತಲ ಬಾಗಿಲಿನಿಂದ ಬಂದಳು. ಸೆರಗಿನಡಿ ಸಣ್ಣ ಸ್ಟೀಲಿನ ವಾಟಗ, ಅದರಲ್ಲಿ ಕೈಯಿಂದ ಹಿಂಡಿ ತೆಗೆದ ತನ್ನ ಹಾಲು. ಮುಚ್ಚಳದ ಮೇಲೆ ದೃಷ್ಟಿ ತಾಗದಿರಲೆಂದು ಇದ್ದಿಲ ಚೂರು.

"ಕಾಕೂ, ಚಮಚಾಲೆ ಕುಡಸ್ರಿ," ಎಂದಳು ನಮ್ಮವ್ವನಿಗೆ. "ನಮ್ಮತ್ತಿಗೆ ಗೊತ್ತಾಗಬಾರದ ನೋಡ್ರಿ ಮತ್ತ. ಎದಿಹಾಲ ಹೊಸ್ತಲಾ ದಾಟಿದ್ರ ನನ್ನ ಮಗನ ಪಾಲ ಹೋದಂಗ ಅಂತಾರ ಅವ್ರು." ನಕ್ಕಳು, ಆದರೆ ಕಣ್ಣು ಬಾಗಿಲ ಕಡೆಗೇ ಇತ್ತು.

ಕೂಸು ಆ ಹಾಲನ್ನು ಕಾರಲಿಲ್ಲ. ವೈನಿ ದಿನಾ ಬರತೊಡಗಿದಳು. ಮಗಳ ಕೆನ್ನೆಗೆ ಬಣ್ಣ ಬಂತು. ಒಮ್ಮೆ ಅತ್ತೆ ಆಚೆ ಕೆಮ್ಮಿದ್ದು ಕೇಳಿಸಿತು, ವೈನಿ ವಾಟಗ ಇಲ್ಲೇ ಬಿಟ್ಟು ಓಡಿದಳು.

ಅವ್ವ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ಮರಳಿಸಿದವಳಲ್ಲ. ಅಂದೂ ವಾಟಗ ತೊಳೆದು, ಬೆಲ್ಲದ ತುಂಡು ಇಟ್ಟು, ನಾನು ಬಚ್ಚಲಲ್ಲಿದ್ದಾಗ, ಗುಟ್ಟಿನ ಮಾತು ಮರೆತು, ಅವರ ಮುಂಬಾಗಿಲಿಗೇ ಒಯ್ದು ಕೊಟ್ಟಳು. ಈಸಿಕೊಂಡದ್ದು ವೈನಿಯ ಅತ್ತೆ.

"ಏನ ಕೊಟ್ಟಿದ್ಲು ನಮ್ಮ ಸೊಸಿ?" ಎಂದು ಕೇಳಿದಳಂತೆ. ಸುಳ್ಳು ಬಾರದ ಅವ್ವ ತಡವರಿಸಿದಳು. ಆ ಮುದುಕಿ ದನಿ ಏರಿಸಲಿಲ್ಲ. ಬೆಲ್ಲವನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳಂತೆ. ಜಗಳ ಮಾಡಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.

ಮರುದಿನ ಅವರ ಹಿತ್ತಲ ಬಾಗಿಲಿಗೆ ಬೀಗ ಬಿತ್ತು. ಗೋಡೆಯಾಚೆ ಗಂಡುಕೂಸಿನ ಅಳು ಹೆಚ್ಚುತ್ತ ಹೋಯಿತು. ವೈನಿಯ ಹಾಲು ಬತ್ತುತ್ತಿದೆ ಎಂದು ಓಣಿಯಲ್ಲಿ ಸುದ್ದಿ. ಅತ್ತೆ ಕಟ್ಟೆಯ ಮೇಲೆ ಕೂತು ನಮ್ಮ ಮನೆಯನ್ನೇ ನೋಡುತ್ತ, "ನಮ್ಮ ಕೂಸಿನ ಹಾಲ ಅವ್ರ ಕೂಸು ಜಗ್ಗೇತಿ," ಎನ್ನುತ್ತಿದ್ದಳು. ಹೆದರಿಕೆಗೂ ಹಾಲು ಬತ್ತುತ್ತದೆ ಎಂದರು ನರ್ಸಬಾಯಿ. ಯಾರು ಕೇಳಬೇಕು? ಅಷ್ಟರಲ್ಲಿ ನನ್ನ ಔಷಧ ಮುಗಿದು ಎದೆಗೆ ಹಾಲು ಮರಳಿತ್ತು. ಹಲ್ಲು ಕಚ್ಚಿ ಹಿಂಡಿ, ಬಟ್ಟಲಲ್ಲಿ ಹಿಡಿದು, ಆ ಕೂಸಿಗೆಂದು ನಾನೇ ಒಯ್ದೆ. ಕೂಗಿದೆ, ಬಡಿದೆ. ಒಳಗೆ ಯಾರೋ ಬಾಗಿಲ ಹತ್ತಿರ ಬಂದು ನಿಂತದ್ದು ಗೊತ್ತಾಯಿತು. ತೆರೆಯಲಿಲ್ಲ. ಕೂಸಿಗೆ ಮೇಲಿನ ಹಾಲಿನಿಂದ ಭೇದಿ ಹಿಡಿದಿತ್ತಂತೆ... ಉಳಿಯಲಿಲ್ಲ.

ವೈನಿಯನ್ನು ರಾಮದುರ್ಗದ ಕಡೆಯ ತವರಿಗೆ ಕಳಿಸಿಬಿಟ್ಟರು. ಹೋಗುವಾಗ ನಮ್ಮ ಮನೆಯ ಮುಂದೆ ನಿಂತಳು. ನನ್ನ ತೊಡೆಯ ಮೇಲಿದ್ದ ಮಗಳನ್ನು ನೋಡಿ, "ಚಲೋ ಆಗ್ಯಾಳ," ಎಂದಳು, ಅಷ್ಟೇ. ಮತ್ತೆ ಆಕೆಯನ್ನು ನೋಡಲಿಲ್ಲ. ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ.

ನಿನ್ನೆ ಮಗಳು, "ಅವ್ವಾ, ಎದರ ಮನಿ ಬಾಣಂತಿಗೆ ಹಾಲ ಬಂದಿಲ್ಲಂತ. ನಮ್ಮ ಫ್ರಿಜ್ಜಿನಾಗ ಇಷ್ಟ ಐತಲ್ಲ, ಒಂದ ಬಾಟ್ಲಿ ಕೊಟ್ಟ ಬರ್ಲೇನು?" ಎಂದಳು.

ಹೊಸ್ತಿಲು, ದೃಷ್ಟಿ, ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು. ತೊಟ್ಟಿಲಲ್ಲಿ ಮೊಮ್ಮಗ ಮಲಗಿದ್ದ.

"ಬ್ಯಾಡ," ಎಂದೆ.

ವೈನಿಯ ಹಾಲಿನಿಂದ ಉಳಿದ ನನ್ನ ಮಗಳು, ಯಾಕೆ ಎಂದು ಕೇಳಿದಳು.