ಏಣಿಯ ಮೇಲಿಂದ ಕಂಡ ಗೂಡು

ಮನೆಗಳಿಗೆ ಬಣ್ಣ ಹೊಡೆಯುವುದು ಅವನ ಕಸುಬು. ಹೊರದೇಶದಿಂದ ಸರಕಿನ ಜೊತೆ ಬಂದ ಕಣಜದ ಹುಳ ಜೇನುಗೂಡುಗಳನ್ನು ಹಾಳು ಮಾಡುತ್ತಿದೆ, ಕಂಡವರು ತಿಳಿಸಿ ಎಂದು ನಗರಸಭೆಯವರು ಗೋಡೆಗೋಡೆಗೂ ಚಿತ್ರ ಅಂಟಿಸಿದ ವರ್ಷ, ಎಲ್ಲರಿಗಿಂತ ಮೊದಲು "ಕಣಜ ಬಂತು" ಎಂದು ಕೂಗಿಕೊಂಡವನು ಅವನೇ. ಕೆಲಸ ಅರ್ಧಕ್ಕೆ ಬಿಟ್ಟು, ಕುಂಚ ಹಿಡಿದುಕೊಂಡೇ ಬೀದಿಗೆ ಓಡಿದ್ದ. ಮನೆಮನೆಯ ಕಿಟಕಿ ಮುಚ್ಚಿಸಿದ, ಶಾಲೆಗೆ ರಜೆ ಕೊಡಿಸಿದ. ನಗರಸಭೆಯವರು ಬಂದು ನೋಡಿದರೆ, ಮಣ್ಣಿನ ಗೂಡು ಕಟ್ಟುವ ಬಡಪಾಯಿ ಕುಂಬಾರ ಹುಳ!

ಊರಿಗೆ ಊರೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅವನ ಅಕ್ಕನ ಗಂಡ. ಭಾವ ಹಿತ್ತಲಲ್ಲಿ ಜೇನು ಸಾಕಿಕೊಂಡಿದ್ದವರು. "ಬಂದ ನೋಡ್ರಪ್ಪಾ ಕಣಜಣ್ಣ, ಬಾಗಿಲು ಹಾಕ್ಕೊಳ್ಳಿ" ಎಂದು ಅವರು ನೆಂಟರ ಮುಂದೆ ಒಮ್ಮೆ ಅಂದದ್ದೇ ತಡ, ಹೆಸರು ಅಂಟಿಕೊಂಡಿತು. ಮೈಗೆ ಹತ್ತಿದ ಬಣ್ಣವನ್ನಾದರೂ ಸೀಮೆಎಣ್ಣೆ ಹಚ್ಚಿ ತೆಗೆಯಬಹುದು, ಅಡ್ಡಹೆಸರಿಗೆ ಏನು ಹಚ್ಚುವುದು?

ಮರುವರ್ಷ ಒಂದು ಮಹಡಿ ಮನೆಯ ಹೊರಗೋಡೆಗೆ ಬಣ್ಣ ಹೊಡೆಯುತ್ತಿದ್ದಾಗ, ಕಾಂಪೌಂಡಿನಾಚೆಯ ಮರದ ತುದಿಯಲ್ಲಿ ಅವನಿಗೆ ಗೂಡು ಕಾಣಿಸಿತು. ಹಳೇ ಕಾಗದ ಮುದ್ದೆ ಮಾಡಿ ಕಟ್ಟಿದ ಹಾಗೆ, ಕೊಡದಷ್ಟು ದೊಡ್ಡದು. ಒಳಗೆ ಹೊರಗೆ ಓಡಾಡುತ್ತಿದ್ದ ಹುಳಗಳ ಮೈ ಕಪ್ಪು. ಕಾಲಿನ ತುದಿ ಮಾತ್ರ ಹಳದಿ, ಬಣ್ಣದ ಡಬ್ಬಿಯಲ್ಲಿ ಅದ್ದಿ ತೆಗೆದಂತೆ. ಚಿತ್ರದಲ್ಲಿದ್ದದ್ದು ಇದೇ. ಈ ಸಲ ಸಂಶಯವೇ ಇರಲಿಲ್ಲ.

ಕೂಗಲೆಂದು ಬಾಯಿ ತೆರೆದ. ಅಷ್ಟರಲ್ಲಿ ಕೆಳಗಿನಿಂದ ಮನೆಯಾಕೆ, "ಏನ್ ಕಣಜಣ್ಣ, ಆಕಾಶ ನೋಡ್ತಿದ್ದೀಯ? ಮತ್ತೇನಾದ್ರೂ ಬಂತಾ?" ಎಂದು ಕಿಸಕ್ಕನೆ ನಕ್ಕರು.

"ಏನಿಲ್ಲಮ್ಮಾ" ಅಂದು ಗೋಡೆಯ ಕಡೆ ತಿರುಗಿದ.

ಬೇರೆ ಯಾರಾದರೂ ನೋಡಿ ಹೇಳುತ್ತಾರೆ, ನನಗ್ಯಾಕೆ ಇಲ್ಲದ ಉಸಾಬರಿ ಎಂದುಕೊಂಡ. ಆದರೆ ಅಷ್ಟು ಎತ್ತರದ ಎಲೆಗಳ ಮರೆಯಲ್ಲಿದ್ದದ್ದು ಏಣಿ ಹತ್ತಿದವನಿಗಲ್ಲದೆ ಇನ್ನಾರಿಗೆ ಕಂಡೀತು?

ಕೆಲವು ವಾರ ಕಳೆದ ಮೇಲೆ ಅಕ್ಕ ಫೋನ್ ಮಾಡಿ, "ಒಂದ್ಸಲ ಬಂದು ಹೋಗೋ, ನಿಮ್ಮ ಭಾವ ಸರಿಯಾಗಿ ಊಟಾನೂ ಮಾಡ್ತಿಲ್ಲ" ಅಂದಳು.

ಭಾವ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಜೇನು ಪೆಟ್ಟಿಗೆಯ ಬಾಯಿಗೆದುರಾಗಿ ಕಣಜದ ಹುಳಗಳು ಗಾಳಿಯಲ್ಲಿ ನಿಂತ ಕಡೆಯೇ ನಿಂತಿದ್ದವು. ಹೊಟ್ಟೆ ತುಂಬ ಮಕರಂದ ಹೊತ್ತು ಮನೆಗೆ ಬರುವ ಜೇನನ್ನು ಬಾಗಿಲಲ್ಲೇ ಹಿಡಿದು, ಕೊಂಬೆಗೆ ಒಯ್ದು, ತಲೆ ಕತ್ತರಿಸಿ ಬೀಳಿಸುತ್ತಿದ್ದವು. ಉಳಿದ ಜೇನು ಹೆದರಿ ಹೊರಗೇ ಬರುತ್ತಿರಲಿಲ್ಲ. ಹಸಿವಿನಿಂದಲೇ ಎಷ್ಟೋ ಪೆಟ್ಟಿಗೆಗಳು ಖಾಲಿಯಾಗಿದ್ದವು. ಅವನು ಒಂದಕ್ಕೆ ಕಿವಿಯಿಟ್ಟ. ಸದ್ದೇ ಇಲ್ಲ.

"ಗೂಡು ಎಲ್ಲಿದೆಯೋ ಗೊತ್ತಾಗ್ತಿಲ್ಲ" ಎಂದರು ಭಾವ. "ಇಷ್ಟು ದಿನ ಏಣಿ ಮೇಲಿದ್ದೋನು, ನಿನ್ನ ಕಣ್ಣಿಗೂ ಬೀಳ್ಲಿಲ್ಲ ಅಂದ್ರೆ ದೂರ ಎಲ್ಲೋ ಇರ್ಬೇಕು. ಕಂಡಿದ್ರೆ ನೀನು ಸುಮ್ನಿರೋನಲ್ಲ. ಅವತ್ತು ನಾನು ಹಾಗೆಲ್ಲ ನಗಬಾರದಿತ್ತು ಕಣೋ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಈ ಮಾತಿಗೆ ಅವನ ತಲೆ ತಾನಾಗಿ ತಗ್ಗಿತು.

"ಕಂಡಿತ್ತು ಭಾವ" ಅಂದ. "ನೀವೆಲ್ಲ ಮತ್ತೆ ನಗ್ತೀರಿ ಅಂತ ಹೇಳ್ಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಆಮೇಲೆ ಭಾವ ಎದ್ದು ಚಪ್ಪಲಿ ಮೆಟ್ಟಿಕೊಂಡು, "ತೋರ್ಸು" ಎಂದರು. ಅಷ್ಟೇ.

ಮಹಡಿ ಮನೆಯವರ ಎದುರಿಗೇ ಅವನು ಮರ ತೋರಿಸಬೇಕಾಯಿತು. "ಅಯ್ಯೋ, ಅವತ್ತೇ ಹೇಳೋದಲ್ವಾ?" ಎಂದರು ಮನೆಯಾಕೆ. ನಗರಸಭೆಯವರು ದಪ್ಪ ಅಂಗಿ ತೊಟ್ಟು ಬಂದು ಗೂಡು ಇಳಿಸಿದರು. ಆದರೆ ಭಾವನ ಹಿತ್ತಲಲ್ಲಿ ಅಷ್ಟರೊಳಗೆ ಉಸಿರಾಡುತ್ತಿದ್ದದ್ದು ಒಂದೇ ಪೆಟ್ಟಿಗೆ.

ಗೂಡು ಹೋದರೂ ದಾರಿ ತಪ್ಪಿದ ಕೆಲವು ಹುಳ ಬರುತ್ತಲೇ ಇದ್ದವು. ಅವನು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅವುಗಳನ್ನು ಹೊಡೆದು ಬೀಳಿಸಲು ಬ್ಯಾಡ್ಮಿಂಟನ್ ಬ್ಯಾಟು ಹಿಡಿದು ಆ ಪೆಟ್ಟಿಗೆಯ ಮುಂದೆ ನಿಲ್ಲತೊಡಗಿದ. ಯಾರೂ ಹೇಳಿರಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಭಾವ ಅವನ ಜೊತೆ ನೇರ ಮಾತಾಡದೆ, ಏನಿದ್ದರೂ ಅಕ್ಕನಿಗೆ, "ನಿನ್ನ ತಮ್ಮನಿಗೆ ಹೇಳು" ಎನ್ನುತ್ತಿದ್ದರು.

ಚಳಿ ಶುರುವಾದಾಗ ಒಂದು ದಿನ ಭಾವ ತಾವೇ ಕಾಫಿ ತಂದು ಪೆಟ್ಟಿಗೆಯ ಪಕ್ಕದ ಕಲ್ಲಿನ ಮೇಲಿಟ್ಟು, "ಆರೋಗತ್ತೆ, ಕುಡಿ" ಎಂದರು. ಅವನು ಲೋಟ ಎತ್ತಿಕೊಂಡ. ಮುಖ ಎತ್ತಲಾಗಲಿಲ್ಲ.